ಹದಿನಾಲ್ಕನೇ ನಂಬರಿನ ಮನೆಗೆ ಬಂದ ಕನಸು

ಮನುಷ್ಯ ಎಚ್ಚರದಲ್ಲಿ ಯಾರಿಗೆ ಕೈ ಮುಗಿಯುತ್ತಾನೋ, ನಿದ್ದೆಯಲ್ಲಿ ಅವರಿಗೇ ಹೆದರುತ್ತಾನೆ. ಈ ಘನವಾದ ಸತ್ಯವನ್ನು ನಾನು ಸುಮಾರು ಇಪ್ಪತ್ತು ವರ್ಷ ಸಾರಿಕೊಂಡು ತಿರುಗಿದೆ. ಕೇಳುವವರು ಹೆಚ್ಚಾಗಿ ಮಧ್ಯಾಹ್ನದ ಬುತ್ತಿ ಮುಗಿಸಿ ಕುಳಿತ ನನ್ನ ಕಚೇರಿಯ ಮಂದಿ. ಅರ್ಧ ಕೇಳುವುದರೊಳಗೆ ಅವರು ಕುರ್ಚಿಯಲ್ಲೇ ನಿದ್ದೆಹೋಗುತ್ತಿದ್ದರು. ಎಲ್ಲರೂ ದೈವಭಕ್ತರು, ಒಬ್ಬರಿಗೂ ಕೆಟ್ಟ ಕನಸು ಬಿದ್ದ ದಾಖಲೆಯಿಲ್ಲ.

ನನ್ನ ವಾದ ಸರಳವಾಗಿತ್ತು. ದೇವರು, ದೆವ್ವ, ಹರಕೆ ಎಂದು ದಿನವಿಡೀ ತಲೆಯಲ್ಲಿ ತುಂಬಿಕೊಂಡವನು ಮಲಗಿದ ಮೇಲೆ ಅವು ಎದ್ದು ಓಡಾಡದೆ ಇನ್ನೇನು ಮಾಡಬೇಕು? ನಂಬಿಕೆ ಇಲ್ಲದವನ ನಿದ್ದೆ ಖಾಲಿ ಗೋದಾಮಿನ ಹಾಗೆ. ಅಲ್ಲಿ ಹೆಗ್ಗಣಕ್ಕೂ ಕೆಲಸವಿಲ್ಲ. ಇದನ್ನು ಶಾಸ್ತ್ರೀಯವಾಗಿ ಸಾಧಿಸಬೇಕೆಂದು ನೂರು ಪುಟದ ಒಂದು ನೋಟುಬುಕ್ಕನ್ನೂ ಇಟ್ಟಿದ್ದೆ. ಎಡಕ್ಕೆ ಹೆಸರು, ನಡುವೆ ‘ಭಕ್ತಿಯ ಪ್ರಮಾಣ’, ಬಲಕ್ಕೆ ‘ಕನಸು’. ನಮ್ಮ ಮನೆಯವಳ ಹೆಸರನ್ನೂ ಬಿಟ್ಟಿರಲಿಲ್ಲ. ಸೋಮವಾರ ಒಪ್ಪತ್ತು, ವರ್ಷಕ್ಕೊಮ್ಮೆ ಅಬ್ಬೆತುಮಕೂರಿನ ಮಠ, ದಿನಾ ಎರಡು ಹೊತ್ತು ದೀಪ. ಕನಸು ಇಲ್ಲ, ಗೊರಕೆ ಮಾತ್ರ. ಇದು ಅಪವಾದ ಎಂದು ಷರಾ ಬರೆದೆ. ಮೂರು ತಿಂಗಳಲ್ಲಿ ಅಪವಾದಗಳಿಂದ ಐದು ಪುಟ ತುಂಬಿದವು. ಸಿದ್ಧಾಂತಕ್ಕೆ ಹೊಂದುವ ಹೆಸರು ಒಂದೂ ಸಿಗಲಿಲ್ಲ. ಆದರೂ ನಾನು ಸಿದ್ಧಾಂತವನ್ನು ಬಿಡಲಿಲ್ಲ. ಅಷ್ಟರಮಟ್ಟಿಗೆ ನಾನೂ ಭಕ್ತನೇ ಆಗಿದ್ದೆ ಎಂದು ಈಗ ಅನಿಸುತ್ತದೆ.

ಹೇಳಹೊರಟಿರುವುದು ಎಂಟೊಂಬತ್ತು ವರ್ಷದ ಹಿಂದಿನ ಮಾತು. ನಾನಾಗ ನಾರಾಯಣಪುರದಲ್ಲಿ ಕಾಲುವೆ ಕಚೇರಿಯೊಂದರ ಗುಮಾಸ್ತ. ಸಿಬ್ಬಂದಿಯ ವಸತಿಗೃಹಗಳಲ್ಲಿ, ಕಾಗದದ ಪ್ರಕಾರ, ನನ್ನದು ಹದಿನಾಲ್ಕನೇ ನಂಬರಿನ ಮನೆ. ಆದರೆ ನಾನು ಇದ್ದದ್ದು ಹನ್ನೊಂದರಲ್ಲಿ. ಹನ್ನೊಂದು ಸಿಕ್ಕಿದ್ದು ಮಾನಪ್ಪನಿಗೆ. ಅವನ ಹೆಂಡತಿ ಶಾಂತಮ್ಮ ಎರಡು ಆಡು ಸಾಕಿದ್ದಳು. ಹದಿನಾಲ್ಕರ ಹಿತ್ತಲು ದೊಡ್ಡದು. ನಮ್ಮ ಮನೆಯವಳಿಗೆ ನಲ್ಲಿ ಹತ್ತಿರ ಬೇಕಿತ್ತು. ಹನ್ನೊಂದು ನೀರಿನ ಟಾಕಿಯ ಬಗಲಲ್ಲೇ ಇತ್ತು. ಬಾಯಿಮಾತಿನಲ್ಲಿ ಅದಲುಬದಲು ಮಾಡಿಕೊಂಡೆವು. ಕಾಗದ ನಾಳೆ ಬರೆದರಾಯಿತು ಅಂದೆ. ಬರೆಯುವವನು ನಾನೇ ಆದ್ದರಿಂದ ಆ ನಾಳೆ ಮೂರು ವರ್ಷವಾದರೂ ಬರಲಿಲ್ಲ. ಹದಿನಾಲ್ಕರ ಬಾಗಿಲ ಮೇಲಿನ ತಗಡಿನ ಫಲಕದಲ್ಲಿ ನನ್ನ ಹೆಸರೇ ಇತ್ತು.

ಮಾನಪ್ಪನ ಕೆಲಸ ಕಾಲುವೆಯ ಗೇಟಿನ ಬಳಿ ನೀರಿನ ಮಟ್ಟ ನೋಡುವುದು. ನೀರು ಬಿಟ್ಟ ದಿನಗಳಲ್ಲಿ ಅವನಿಗೆ ರಾತ್ರಿ ಪಾಳಿ. ತಾಸಿಗೊಮ್ಮೆ ಮಟ್ಟ ನೋಡಿ ಫೋನಿನಲ್ಲಿ ತಿಳಿಸಬೇಕು. ಬೆಳಿಗ್ಗೆ ಮನೆಗೆ ಬಂದು ಎಂಟಕ್ಕೆ ಮಲಗುತ್ತಿದ್ದ. ಅವನ ಊರು ಶಹಾಪುರ. ಬುದ್ಧ ಮಲಗಿದ ಹಾಗಿರುವ ಗುಡ್ಡ ಅವರ ಓಣಿಯಿಂದ ಕಾಣುತ್ತದೆ. ಕೆಲವು ವರ್ಷದ ಹಿಂದೆ ಅವನು ದೀಕ್ಷೆ ತೆಗೆದುಕೊಂಡು ಬೌದ್ಧನಾಗಿದ್ದ. ಮನೆದೇವರುಗಳನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಕೃಷ್ಣೆಯಲ್ಲಿ ಬಿಟ್ಟು ಬಂದವನೂ ಅವನೇ. ಅವನ ಅಣ್ಣ ಜೊತೆಗೆ ಬರಲಿಲ್ಲ, ಅಷ್ಟೇ ಅಲ್ಲ, ಇವತ್ತಲ್ಲ ನಾಳೆ ಆ ದೇವರುಗಳು ನಿನ್ನನ್ನು ಹುಡುಕಿಕೊಂಡು ಬರುತ್ತವೆ ಎಂದು ದಂಡೆಯ ಮೇಲೆ ನಿಂತು ಹೇಳಿದ್ದ. ಗೋಡೆಯ ಮೇಲೆ ಬುದ್ಧನ ಒಂದು ಪಟ, ಅದರ ಮುಂದೆ ಎರಡು ನಿಮಿಷ ಸುಮ್ಮನೆ ಕೂರುವುದು, ಇಷ್ಟೇ ಮಾನಪ್ಪನ ಪೂಜೆ. ಏನು ಕೇಳಿಕೊಳ್ಳುತ್ತೀ ಎಂದರೆ, ಕೇಳುವುದಕ್ಕೆ ಏನೂ ಇಲ್ಲ, ಅದಕ್ಕೇ ಆರಾಮ ಅನ್ನುತ್ತಿದ್ದ. ನನಗೆ ಅವನು ಬಹಳ ಹಿಡಿಸಿದ್ದ.

ಶ್ರಾವಣದ ಒಂದು ಬುಧವಾರ ಅವನು ಕಚೇರಿಯ ಹಿಂದಿನ ಬೇವಿನ ಗಿಡದ ಕೆಳಗೆ ನನ್ನನ್ನು ಕರೆದುಕೊಂಡು ಹೋದ. ಕಣ್ಣು ಕೆಂಪಾಗಿದ್ದವು.

“ಅಣ್ಣಾರ, ನಿಮ್ಮ ಬುಕ್ಕಿನಾಗ ನನ್ನ ಹೆಸರು ಬರೀಬ್ಯಾಡ್ರಿ,” ಅಂದ. “ಆದ್ರ ಒಂದು ಮಾತು ಕೇಳಬೇಕು.”

ಆರು ವಾರದಿಂದ ಅವನಿಗೆ ಒಂದೇ ಕನಸು. ಮಲಗಿದ ತಾಸಿನೊಳಗೆ, ಹಾಡೇ ಹಗಲು, ಹೊರಗೆ ಆಡು ಒದರುವುದು ಕೇಳುತ್ತಿರುವಾಗಲೇ ಬೀಳುತ್ತದೆ. ಕೂಗಬೇಕು, ದನಿ ಬರುವುದಿಲ್ಲ. ಎದೆ ಒಡೆಯುವ ಹಾಗಾಗಿ ಎದ್ದು ಕೂರುತ್ತಾನೆ, ಮತ್ತೆ ನಿದ್ದೆ ಹತ್ತುವುದಿಲ್ಲ. ದಿನಾ ಅಲ್ಲ. ಮಂಗಳವಾರ ಮತ್ತು ಶುಕ್ರವಾರ ಮಾತ್ರ.

ನಾನು ಸಂತೋಷದಿಂದ ಸಿದ್ಧಾಂತವನ್ನು ಬಿಚ್ಚಿದೆ. ದೇವರನ್ನು ಬಿಟ್ಟವರಿಗೂ ಹಳೆಯ ಹೆದರಿಕೆ ಒಳಗೆ ಉಳಿದಿರುತ್ತದೆ, ಅಧಿಕಾರಿ ವರ್ಗವಾಗಿ ಹೋದರೂ ಅವನ ಕಾಲದ ಕಡತ ಕಪಾಟಿನಲ್ಲಿ ಉಳಿದ ಹಾಗೆ ಎಂದೆ. ಅವನ ಮುಖ ಸಪ್ಪಗಾಯಿತು.

“ನಿದ್ದಿ ಹೋದ್ರ ಹೋಗಲ್ರಿ,” ಅಂದ. “ನಮ್ಮಣ್ಣಗ ಗೊತ್ತಾದ್ರ, ಹೊಳ್ಯಾಗ ಬಿಟ್ಟ ದೇವರು ತಿರುಗಿ ಬಂದಾವ ಅಂತ ಊರೆಲ್ಲ ಹೇಳ್ತಾನ. ನನ್ನ ಮಕ್ಕಳು ಶಾಲ್ಯಾಗ ಅದನ್ನ ಕೇಳಬೇಕಾಗ್ತದ. ನಾ ಬಿಟ್ಟದ್ದು ಸುಳ್ಳಾಗಬಾರದು, ಅದೊಂದೇ ನನಗ.”

ನನಗೆ ಸ್ವಲ್ಪ ನಾಚಿಕೆಯಾಯಿತು. ಮಾತು ತಿರುಗಿಸಲೆಂದು ಕನಸಿನ ವಿವರ ಕೇಳಿದೆ. ಅವನು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಒಂದು ಇಳಿಜಾರು ಓಣಿ. ಕೈಯಲ್ಲಿ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಹಿಟ್ಟು, ಬೆರಳಿಗೆಲ್ಲ ಅರಿಶಿನ. ಎದುರಿಗೆ ಜೋಡಿ ಕದದ ಬಾಗಿಲು. ಎಡಗಡೆಯ ಕದಕ್ಕೆ ಮಾತ್ರ ಹಸಿರು ಬಣ್ಣ. ಬಲಗಡೆಯದಕ್ಕೆ ಏನೂ ಇಲ್ಲ, ಬರೀ ಕಟ್ಟಿಗೆ. ಹಿಂದೆ ಯಾರೋ ಹೆಣ್ಣುಮಗಳು ಇವನ ಕತ್ತಿನ ಮೇಲೆ ಕೈ ಇಟ್ಟು ‘ನಾಕಾತು’ ಅನ್ನುತ್ತಾಳೆ. ಅಷ್ಟೇ.

“ಇನ್ನೊಂದು ತಿಳಿವಲ್ದು,” ಅಂದ. “ಆ ಬಾಗಿಲ ಚಿಲಕ ನನ್ನ ತಲಿಗಿಂತ ಎಷ್ಟೋ ಮ್ಯಾಲದ. ನಾ ಇಷ್ಟುದ್ದ ಆಳು, ಕೈ ಎತ್ತಿದ್ರೂ ನಿಲಕಂಗಿಲ್ಲ.”

ಮಾನಪ್ಪ ಆರಡಿ ಎತ್ತರ. ನಾನು ಅವನಿಗೆ ರಾತ್ರಿ ಊಟ ಹಗುರ ಮಾಡು ಎಂದು ಹೇಳಿ ಒಳಗೆ ಹೋಗಿ ಕುಳಿತೆ.

ಆ ಬಾಗಿಲು ನನಗೆ ಗೊತ್ತಿತ್ತು. ಅದು ಸುರಪುರದಲ್ಲಿ ನಾವಿದ್ದ ಓಣಿಯ ಕೆಳತುದಿಯ ಮನೆ. ಅಣ್ಣತಮ್ಮಂದಿರಿಬ್ಬರು ಪಾಲಾದಾಗ ಒಳಗೆಲ್ಲ ಗೋಡೆ ಎಬ್ಬಿಸಿಕೊಂಡರು, ತಲೆಬಾಗಿಲು ಮಾತ್ರ ಇಬ್ಬರಿಗೂ ಸೇರಿ ಉಳಿಯಿತು. ಅಣ್ಣ ತನ್ನ ಪಾಲಿನ ಕದಕ್ಕೆ ಹಸಿರು ಬಣ್ಣ ಹಚ್ಚಿದ. ತಮ್ಮ, ನನಗೆ ಬೇಕಾದಾಗ ಹಚ್ಚುತ್ತೇನೆ ಅಂದವನು ಕೊನೆಯವರೆಗೂ ಹಚ್ಚಲಿಲ್ಲ. ಅಂಥ ಬಾಗಿಲನ್ನು ನಾನು ಬೇರೆಲ್ಲೂ ನೋಡಿಲ್ಲ.

ಬುಟ್ಟಿಯೂ ನನಗೆ ಗೊತ್ತಿತ್ತು. ನನಗೆ ಏಳು ವರ್ಷವಾದಾಗ ವಿಷಮಜ್ವರ ಬಂದು ತಿಂಗಳುಗಟ್ಟಲೆ ಮಾತು ನಿಂತುಹೋಗಿತ್ತು. ಅವ್ವ ಎಲ್ಲಮ್ಮನಿಗೆ ಹರಕೆ ಹೊತ್ತಳು: ಮಗನಿಗೆ ಮಾತು ಬಂದರೆ ಅವನ ಬಾಯಿಂದಲೇ ಕೂಗಿಸಿ ಐದು ಮನೆ ಜೋಗ ಬೇಡಿಸುತ್ತೇನೆ ಅಂತ. ಜೋಗ ಬೇಡುವುದು ಎಂದರೆ ಮಂಗಳವಾರ ಇಲ್ಲವೇ ಶುಕ್ರವಾರ ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು, ಬುಟ್ಟಿ ಹಿಡಿದು, ‘ಉಧೋ ಉಧೋ’ ಎಂದು ಕೂಗಿ ಐದು ಮನೆಯಲ್ಲಿ ಹಿಟ್ಟು ಬೇಡುವುದು. ನಮ್ಮ ಕಡೆ ಉಳ್ಳವರೂ ಬೇಡುತ್ತಾರೆ, ಹರಕೆಗೆ ಅಂತಸ್ತಿಲ್ಲ. ನನಗೆ ಮಾತು ಬಂತು. ಬಂದದ್ದು ಇನ್ನೂ ನಿಂತಿಲ್ಲ. ದೇವಿ ಸ್ವಲ್ಪ ಹೆಚ್ಚೇ ಕೊಟ್ಟಳು ಎಂದು, ಇದೆಲ್ಲ ತಿಳಿದ ಮೇಲೆ, ನಮ್ಮ ಮನೆಯವಳ ಅಭಿಪ್ರಾಯ. ಅವ್ವ ಒಂದು ಶುಕ್ರವಾರ ನನ್ನನ್ನು ಹೊರಡಿಸಿದಳು. ಕೂಗಿ ನಾಲ್ಕು ಮನೆ ಮುಗಿಸಿದೆ; ‘ನಾಕಾತು’ ಎಂದರೆ ಅದೇ. ಐದನೆಯದು ಆ ಬಾಗಿಲು. ಒಳಗಿಂದ ನನ್ನ ತರಗತಿಯ ಹುಡುಗಿ ಇಣುಕಿ ಕಿಸಕ್ಕನೆ ನಕ್ಕಳು. ನಾನು ಬುಟ್ಟಿ ಒಗೆದು ಓಡಿದೆ. ಅಪ್ಪ, ಹೋಗಲಿ ಬಿಡು ಅಂದ. ಅವ್ವ ಮತ್ತೆ ಆ ಮಾತು ಎತ್ತಲಿಲ್ಲ. ಇದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಇಲ್ಲ.

ಓದುಗರಿಗೆ ಸುಳ್ಳು ಹೇಳಬಾರದು. ಅಂದೇ ಮಾನಪ್ಪನಿಗೆ ಇದಿಷ್ಟನ್ನೂ ತಿಳಿಸಬೇಕಾಗಿತ್ತು. ತಿಳಿಸಲಿಲ್ಲ. ಇಪ್ಪತ್ತು ವರ್ಷದ ವಾದವನ್ನು ಬೇವಿನ ಗಿಡದ ಕೆಳಗೆ ಹತ್ತು ನಿಮಿಷದಲ್ಲಿ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಕಾಕತಾಳೀಯ ಎಂಬ ಒಂದು ಪದ ಭಾಷೆಯಲ್ಲಿದೆ, ಅದನ್ನು ಹಾಸಿಕೊಂಡು ಮಲಗಿದೆ. ನಿದ್ದೆಯೂ ಬಂತು.

ಬರದಿದ್ದದ್ದು ಮಾನಪ್ಪನಿಗೆ. ಅವನು ಮಂಗಳವಾರ, ಶುಕ್ರವಾರ ಮಲಗುವುದನ್ನೇ ಬಿಟ್ಟ. ಹಗಲು ಆಡು ಮೇಯಿಸಿ ರಾತ್ರಿ ಪಾಳಿಗೆ ಹೋಗತೊಡಗಿದ. ಮುಂದಿನ ವಾರದ ಶನಿವಾರ ನಸುಕಿನಲ್ಲಿ, ಗೇಟಿನ ಕಟ್ಟೆಯ ಮೇಲೆ, ಎರಡೂ ಕಾಲು ಕಾಲುವೆಯ ಕಡೆ ಇಳಿಬಿಟ್ಟುಕೊಂಡು ಕುಳಿತಲ್ಲೇ ನಿದ್ದೆಹೋಗಿದ್ದ. ಕೆಳಗೆ ತುಂಬಿದ ನೀರು. ಕಾವಲುಗಾರ ಹಿಂದಿನಿಂದ ಬಗಲಿಗೆ ಕೈ ಹಾಕಿ ಎಳೆದುಕೊಂಡನಂತೆ. ಮೂರು ತಾಸಿನ ನೀರಿನ ಮಟ್ಟ ಬರೆದಿರಲಿಲ್ಲ. ಇಂಜಿನಿಯರು ಕಾರಣ ಕೇಳಿ ನೋಟಿಸು ಕೊಡಲು ಹೇಳಿದರು. ಕಚೇರಿಯಲ್ಲಿ ಟೈಪು ಮಾಡುವವನು ನಾನು. ‘ಕರ್ತವ್ಯದ ವೇಳೆಯಲ್ಲಿ ನಿದ್ರಿಸಿದ್ದಕ್ಕೆ ಕಾರಣವನ್ನು ಏಳು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು’ ಎಂದು ಟೈಪು ಮಾಡಿದೆ. ಆ ಕಾರಣ ಗೊತ್ತಿದ್ದವರು ಇಡೀ ಕಚೇರಿಯಲ್ಲಿ ನಾನೊಬ್ಬನೇ. ಮಾನಪ್ಪ ಸಹಿ ಮಾಡಿ ನೋಟಿಸು ತೆಗೆದುಕೊಂಡ. ಏನು ಬರೆಯಲಿ ಎಂದು ಕೇಳಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಸುರಪುರಕ್ಕೆ ಹೋದೆ. ಅವ್ವ ನನ್ನ ತಮ್ಮನ ಮನೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನಗುನಗುತ್ತ ಹೇಳಿದರೆ ಹಗುರಾದೀತೆಂದು ಮಾನಪ್ಪನ ಕನಸನ್ನು ನಗುನಗುತ್ತ ಹೇಳಿದೆ. ಅವಳು ನಗಲಿಲ್ಲ.

“ಅವ ಯಾವ ಮನ್ಯಾಗ ಅದಾನ?” ಅಂದಳು.

“ನನ್ನ ಮನ್ಯಾಗ. ಅಂದ್ರ, ನನ್ನ ಹೆಸರಿಗಿದ್ದ ಮನ್ಯಾಗ.”

“ಮತ್ತ ಆ ಎಲ್ಲಮ್ಮಗೇನು ಗೊತ್ತಾಗ್ಬೇಕು? ಆಕಿ ನಿನ್ನ ಮನಿಗೆ ಬಂದಾಳ. ಒಳಗ ಮಲಗಿದವ ಯಾರಂತ ಮುಸುಕು ತಗದು ನೋಡ್ಬೇಕೇನು?”

ಮೂರು ವರ್ಷ ಕಾಗದ ಬದಲಿಸದವನು ನಾನೇ. ಆದರೂ ಸುಮ್ಮನಿರಲಾರದೆ, ನಲವತ್ತು ವರ್ಷ ಬಿಟ್ಟು ಈಗ ಯಾಕೆ ನೆನಪಾಯಿತು ಆಕೆಗೆ ಎಂದೆ. ಅವ್ವ ಶೇಂಗಾದ ಸಿಪ್ಪೆ ಊದಿ, “ಮೊದಲು ನಿನ್ನ ಕಡಿಗೇ ಬಂದಿದ್ಲೋ ಏನೋ. ನೀ ಯಾರ ಮಾತು ಕೇಳಿದವ?” ಅಂದಳು. ಆ ಬಾಗಿಲಿನ ಮನೆ ಕೆಡವಿ ಇಪ್ಪತ್ತು ವರ್ಷದ ಮೇಲಾಯಿತು. ಅಲ್ಲಿ ಈಗ ಜೆರಾಕ್ಸ್ ಅಂಗಡಿ. ಐದನೇ ಮನೆ ಯಾವುದಾದರೂ ನಡೆಯುತ್ತದೆ, ಕೂಗು ಮಾತ್ರ ನಿನ್ನದೇ ಆಗಬೇಕು ಎಂದು ಹೇಳಿ ಅವಳು ಮತ್ತೆ ಸುಲಿಯತೊಡಗಿದಳು.

ಅಂದು ಸಂಜೆಯೇ ಹದಿನಾಲ್ಕನೇ ನಂಬರಿಗೆ ಹೋಗಿ ಮಾನಪ್ಪನಿಗೆ ಎಲ್ಲವನ್ನೂ ಹೇಳಿದೆ. ಹುಡುಗಿ ನಕ್ಕದ್ದನ್ನೂ ಬಿಡಲಿಲ್ಲ. ಶಾಂತಮ್ಮ ಕೊಟ್ಟ ಚಹಾವನ್ನು ಅವನು ಕೈಯಲ್ಲೇ ಹಿಡಿದುಕೊಂಡು ಕೇಳಿದ.

“ಅಂದ್ರ, ನಾ ಬಿಟ್ಟು ಬಂದವು ಅಲ್ಲ ಅವು,” ಅಂದ ಕೊನೆಗೆ.

“ಅಲ್ಲ. ನಂದು.”

ಅವನ ಭುಜ ಇಳಿದದ್ದು ಕಣ್ಣಿಗೆ ಕಾಣಿಸಿತು. ಆಮೇಲೆ ನನ್ನ ಕಡೆ ತಿರುಗಿದ. “ನಿಮಗ ಯಾವಾಗಿಂದ ಗೊತ್ತಿತ್ತು?”

“ನೀ ಹೇಳಿದ ದಿನಾನೇ. ಇವತ್ತಿಗೆ ಹನ್ನೊಂದು ದಿನ.”

“ಆ ನೋಟಿಸ್ ಟೈಪ್ ಮಾಡೂಮುಂದನೂ?”

“ಹೌದು.”

ಅವನು ಚಹಾ ಕುಡಿದು ಮುಗಿಸಿ ಕಪ್ಪು ಕೆಳಗಿಟ್ಟ. “ಏನ ಆಗ್ಲಿ, ಒಂದೂ ತಪ್ಪಿಲ್ಲದ ಟೈಪ್ ಮಾಡೀರಿ ಬಿಡ್ರಿ,” ಅಂದ. ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

ಮನೆಗಳನ್ನು ವಾಪಸು ಬದಲಾಯಿಸಿಕೊಳ್ಳೋಣ, ಮಂಗಳವಾರ ನಾನೇ ಇಲ್ಲಿ ಮಲಗುತ್ತೇನೆ ಎಂದು ಆಡಳಿತಾತ್ಮಕವಾದ ಒಂದು ಪರಿಹಾರ ಸೂಚಿಸಿದೆ. ಶಾಂತಮ್ಮ ಒಳಗಿನಿಂದಲೇ, ನೀವು ಬರ್ರಿ, ಆದರೆ ಆಡು ಎಲ್ಲಿ ಮಲಗಬೇಕು ಎಂದು ಕೇಳಿದಳು. ಹಾಗಾಗಿ ಉಳಿದದ್ದು ಐದನೇ ಮನೆ. ನಿಲ್ಲಲೇಬೇಕಾದರೆ, ಯಾರ ನಿದ್ದೆ ಕೆಡಿಸಿದ್ದೇನೋ ಅವರ ಬಾಗಿಲಲ್ಲೇ ನಿಲ್ಲುವುದು ನ್ಯಾಯ ಅನ್ನಿಸಿತು. ಆದರೆ ಅದು ಎಲ್ಲ ಬಿಟ್ಟು ಬಂದವರ ಮನೆ. ಅಲ್ಲಿ ಎಲ್ಲಮ್ಮನ ಹೆಸರು ಹೇಳಿ ಬೇಡಬಹುದೇ ಎಂದು ಹಿಂಜರಿಯುತ್ತಲೇ ಕೇಳಿದೆ.

ಮಾನಪ್ಪ ಯೋಚನೆ ಮಾಡಿ ಹೇಳಿದ: “ನಾ ದೇವರಿಗೆ ಹಾಕಂಗಿಲ್ಲ, ಅಣ್ಣಾರ. ನೀವು ನಿಂತ್ರ ನಿಮಗ ಹಾಕ್ತೀವಿ. ಬಾಗಿಲಿಗೆ ಬಂದವರಿಗೆ ಭಿಕ್ಷಾ ಹಾಕೋದು ನಮ್ಮ ಧರ್ಮದಾಗೂ ಅದ.”

ಮಂಗಳವಾರ ‘ಸ್ವಂತ ಕೆಲಸ’ ಎಂದು ಬರೆದು ಅರ್ಧ ದಿನ ರಜೆ ಹಾಕಿದೆ. ಹಿಂದಿನ ರಾತ್ರಿ ಎಲ್ಲ ಹೇಳಿಸಿಕೊಂಡಿದ್ದ ನಮ್ಮ ಮನೆಯವಳು ಬುಟ್ಟಿ ತೊಳೆದುಕೊಟ್ಟು ಹಣೆಗೆ ಭಂಡಾರ ಹಚ್ಚಿದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಿ ಉಳಿದುಬಿಡಬಹುದಿತ್ತು. ಹನ್ನೊಂದರಿಂದ ಹದಿನಾಲ್ಕಕ್ಕೆ ನಡುವೆ ಎರಡೇ ಮನೆ. ಆ ಎರಡು ಮನೆ ದಾಟುವಷ್ಟರಲ್ಲಿ ಇಂಜಿನಿಯರ ಜೀಪು ಎದುರಾಯಿತು. ಅವರು ನನ್ನನ್ನು ನೋಡಿ, ಮಳೆ ಬರುತ್ತದೋ ಎಂಬಂತೆ ಆಕಾಶ ನೋಡಿಕೊಂಡು ಹೋದರು. ಸಜ್ಜನರು.

ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರು. ಬಾಗಿಲ ಮೇಲೆ ನನ್ನದೇ ಹೆಸರಿನ ಫಲಕ. ಒಳಗೆ ಶಾಂತಮ್ಮ ಬೋಗುಣಿಯಲ್ಲಿ ಜೋಳದ ಹಿಟ್ಟು ಹಿಡಿದು ನಿಂತಿದ್ದಳು. ನಾನು ಕೂಗಲು ಬಾಯಿ ತೆರೆದೆ. ದನಿ ಬರಲಿಲ್ಲ.

ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಗಂಟಲಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ, ನೋವಿರಲಿಲ್ಲ. ಉಸಿರು ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಏಳು ವರ್ಷದವನಾಗಿದ್ದಾಗ ಹೇಗಿತ್ತೋ ಬರೋಬ್ಬರಿ ಹಾಗೇ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಶಾಂತಮ್ಮ ಆಮೇಲೆ ಹೇಳಿದ ಪ್ರಕಾರ ಐದು ನಿಮಿಷ. ಓಡಬೇಕು ಅನ್ನಿಸಿತು. ಕತ್ತಿನ ಮೇಲೆ ಯಾರಾದರೂ ಕೈ ಇಟ್ಟಿದ್ದರೇ ಎಂದು ಕೇಳುವವರಿಗೆ, ಇಲ್ಲ, ಯಾರೂ ಇಟ್ಟಿರಲಿಲ್ಲ.

“ಕೂಗ್ರಿ ಅಣ್ಣಾರ,” ಅಂದಳು ಶಾಂತಮ್ಮ, ಮೆಲ್ಲಗೆ. “ನಾ ನಿಂತೀನಿ.”

ಆಗ ದನಿ ಬಂತು. ಬೇಕಾದದ್ದಕ್ಕಿಂತ ಜೋರಾಗಿಯೇ ಬಂತು. ಹಿತ್ತಲಲ್ಲಿ ಆಡುಗಳು ಹಗ್ಗ ಜಗ್ಗಿದ್ದು ಕೇಳಿಸಿತು. ಶಾಂತಮ್ಮ ಹಿಟ್ಟು ಸುರಿದಳು. ಅದೇ ಗಳಿಗೆಗೆ ಒಳಕೋಣೆಯಿಂದ ಮಾನಪ್ಪ ಲುಂಗಿ ಸರಿಮಾಡಿಕೊಳ್ಳುತ್ತ ಸಿಟ್ಟಿನಲ್ಲಿ ಹೊರಗೆ ಬಂದ. ಕಣ್ಣು ಬಿಡಲಾಗುತ್ತಿರಲಿಲ್ಲ.

“ಯಾರ್ರೀ ಅದು? ಎರಡು ತಿಂಗಳಿಗೆ ಒಂದು ಮಂಗಳವಾರ ನಿದ್ದಿ ಹತ್ತಿತ್ತು, ಅದನ್ನೂ ಕೆಡಿಸಿದ್ರಿ.”

ಇಲ್ಲಿಯೇ ನನ್ನ ತೊಡಕು. ಅಂದು ಅವನು ಮೊದಲಿನಂತೆ ಎಂಟಕ್ಕೆ ಮಲಗಿದ್ದ. ಕನಸು ಬೀಳುತ್ತಿದ್ದದ್ದು ಮಲಗಿದ ತಾಸಿನೊಳಗೆ. ನಾನು ಕೂಗಿದ್ದು ಹನ್ನೊಂದಕ್ಕೆ. ಅಂದರೆ ಹರಕೆ ತೀರುವ ಮೊದಲೇ ಕನಸು ನಿಂತಿತ್ತು. ನಂಬಿಕೆಯಿಂದ ಕೆಟ್ಟ ಕನಸು ಬೀಳುತ್ತದೆ ಎನ್ನುವವನಿಗೆ ಇದು ಸಾಕು: ತಾನು ಬಿಟ್ಟ ದೇವರುಗಳು ಬೆನ್ನು ಹತ್ತಿವೆ ಎಂಬ ಹೆದರಿಕೆ ಭಾನುವಾರ ಸಂಜೆ ಹೋಯಿತು, ಮಂಗಳವಾರ ನಿದ್ದೆ ಬಂತು. ಅವ್ವನನ್ನು ಕೇಳಿದೆ. ನೀನು ಒಪ್ಪಿಕೊಂಡ ಹೊತ್ತಿಗೇ ಆಕೆ ಎದ್ದು ಹೋದಳು, ಆಕೆಗೆ ನಿನ್ನ ಹಿಟ್ಟು ಏನು ಮಾಡಬೇಕಿತ್ತು ಅಂದಳು. ಎರಡೂ ಸರಿ ಇರುವ ಹಾಗೆ ಕಾಣುತ್ತದೆ. ಎರಡರಿಂದಲೂ ಆ ಬಾಗಿಲಿಗೆ ಉತ್ತರ ಸಿಗುವುದಿಲ್ಲ. ಮಾನಪ್ಪ ಆ ಓಣಿ ನೋಡಿದವನಲ್ಲ. ಅವನು ನೌಕರಿಗೆ ಬರುವ ಹೊತ್ತಿಗೆ ಆ ಮನೆಯೇ ಇರಲಿಲ್ಲ. ನಾನೇ ಯಾವಾಗಲಾದರೂ ಬಾಯಿ ಬಿಟ್ಟಿರಬಹುದೇ ಎಂದು ಬಹಳ ಯೋಚಿಸಿದ್ದೇನೆ. ನಾನು ಬಹಳ ಮಾತಾಡುವವನು ನಿಜ. ಆದರೆ ನಾಚಿಕೆಯ ಸಂಗತಿಗಳನ್ನು ಮಾತಾಡುವವನಲ್ಲ. ಹೇಳಿದ್ದೇ ಆದರೂ, ಏಳು ವರ್ಷದವನ ಕಣ್ಣಿಗೆ ಚಿಲಕ ಎಷ್ಟು ಎತ್ತರದಲ್ಲಿತ್ತು ಎಂದು ಹೇಳಿರುತ್ತಿದ್ದೆನೇ? ಅದು ನನಗೇ ಮರೆತಿತ್ತು.

ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಬದಲಾಗಿದೆ ಎಂದು ಹೇಳಿದರೆ ಕೆಲವರಿಗೆ ಸಂತೋಷವಾದೀತು, ಆದರೆ ಆಗಿಲ್ಲ. ಮಧ್ಯಾಹ್ನದ ಭಾಷಣಗಳನ್ನು ಮಾತ್ರ ನಿಲ್ಲಿಸಿದೆ.

ನೋಟಿಸಿಗೆ ಉತ್ತರ ನಾನೇ ಬರೆದುಕೊಟ್ಟೆ. ಕಾರಣ ಅನಾರೋಗ್ಯ ಎಂದು ಬರೆದೆ. ಇಂಜಿನಿಯರು ಅದನ್ನು ಒಪ್ಪಿಕೊಂಡು, ಎಚ್ಚರಿಕೆ ಕೊಟ್ಟು ಮುಗಿಸಿದರು. ಮಾನಪ್ಪ ಆ ಮನೆಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದ. ಆ ಕನಸು ಅವನಿಗೆ ಮತ್ತೆ ಬೀಳಲಿಲ್ಲ, ಅವನ ಅಣ್ಣನಿಗೆ ವಿಷಯ ಗೊತ್ತಾಗಲೂ ಇಲ್ಲ.